ಗ್ರೀಸ್ ಮತ್ತು ಅದರ ಅಕ್ಕಪಕ್ಕದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಸಾಕ್ರಟೀಸ್, ಅಲೆಕ್ಸಾಂಡರ್, ಒಲಿಂಪಿಕ್ಸ್ ನೆನಪಾಗುತ್ತವೆ. ಅಲ್ಲಿಂದ ಎರಡು ಸಾವಿರ ವರ್ಷ ಹಾರಿ ಸೀದಾ ಅವರ ಸಾಲದ ಸುದ್ದಿಗೆ ಬಂದುಬಿಡುತ್ತೇವೆ. ನಡುವಿನ ಕಥೆ ಏನು, ಪಕ್ಕದ ಮನೆಯವರ ಜೊತೆ ಹೇಗಿದ್ದಾರೆ ಅಂತ ಮಾತಿನ ಮಧ್ಯೆ, ಪತ್ರಗಳಲ್ಲಿ ತುಂಬಾ ಜನ ಕೇಳಿದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಪರ್ಷಿಯಾ, ಟ್ರಾಯ್ ಯುದ್ಧ ಇಲ್ಲಿಲ್ಲ. ಹೆಚ್ಚುಕಡಿಮೆ ಕಳೆದ ಇನ್ನೂರು ವರ್ಷದ ಮಾತು ಮಾತ್ರ.

## ಶುರುವಿಗೆ

ಗ್ರೀಸ್ ಪಕ್ಕ ಯಾವ್ಯಾವ ದೇಶ ಇದೆ? ಯಾರ ಜೊತೆ ಜಗಳ ಜಾಸ್ತಿ?

ನೆಲದ ಗಡಿ ನಾಲ್ಕು ದೇಶಗಳ ಜೊತೆ ಇದೆ. ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ, ಬಲ್ಗೇರಿಯಾ, ಟರ್ಕಿ. ಟರ್ಕಿ ಕಡೆಯ ಗಡಿ ಬಹುಪಾಲು ಒಂದು ನದಿ. ಗ್ರೀಕರು ಅದಕ್ಕೆ ಎವ್ರೋಸ್ ಅಂತಾರೆ, ಟರ್ಕಿಯವರು ಮೆರಿಚ್, ಮೇಲ್ಗಡೆ ಬಲ್ಗೇರಿಯಾದವರು ಮರಿತ್ಸಾ. ನೀರು ಒಂದೇ, ಹೆಸರು ಮೂರು. ಮುಂದೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ಅಲ್ಲಿ ಎಲ್ಲದರ ಕಥೆಯೂ ಹೀಗೇ.

ಜಗಳ ಟರ್ಕಿ ಜೊತೆ ಜಾಸ್ತಿ. ಉತ್ತರ ಮ್ಯಾಸಿಡೋನಿಯಾ ಜೊತೆ 2018ರ ತನಕ ಹೆಸರಿಗಾಗಿ ಜಗಳವಿತ್ತು. ಅಲ್ಬೇನಿಯಾ ಜೊತೆ ಹಳೇ ಆಸ್ತಿ ಮತ್ತು ಗಡಿಯ ಈಚೆ ಆಚೆ ಉಳಿದ ಜನರ ವಿಚಾರ. ಬಲ್ಗೇರಿಯಾ ಜೊತೆ ಒಂದು ಕಾಲದಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿತ್ತು, ಈಗ ತಣ್ಣಗಾಗಿದೆ.

ನಮ್ಮ ಯುನಾನಿ ಔಷಧಿಗೂ ಗ್ರೀಸ್‌ಗೂ ಸಂಬಂಧ ಇದೆಯಂತೆ, ಹೌದಾ?

ಹೌದು. ಇವತ್ತಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ಹಿಂದೆ ಗ್ರೀಕರ ಊರುಗಳಿದ್ದವು. ಆ ಸೀಮೆಗೆ ಅಯೋನಿಯಾ ಅಂತ ಹೆಸರು. ಪೂರ್ವದಿಂದ ಬಂದವರ ಕಣ್ಣಿಗೆ ಮೊದಲು ಬಿದ್ದ ಗ್ರೀಕರು ಇವರೇ. ಹಾಗಾಗಿ ಪರ್ಷಿಯನ್ನರಿಗೆ ಎಲ್ಲ ಗ್ರೀಕರೂ 'ಯೌನ' ಆದರು, ಸಂಸ್ಕೃತದಲ್ಲಿ 'ಯವನ', ಅರಬ್ಬರ ಬಾಯಲ್ಲಿ 'ಯೂನಾನ್'. ಯುನಾನಿ ವೈದ್ಯಪದ್ಧತಿ ಅಂದರೆ ಗ್ರೀಕರ ವೈದ್ಯಪದ್ಧತಿ ಅಂತಲೇ ಅರ್ಥ. ಟರ್ಕಿಯವರು ಇವತ್ತಿಗೂ ಗ್ರೀಸ್‌ಗೆ ಯುನಾನಿಸ್ತಾನ್ ಅಂತಾರೆ. ಗ್ರೀಕರು ಮಾತ್ರ ತಮ್ಮ ದೇಶಕ್ಕೆ 'ಎಲ್ಲಾದಾ' ಅಂತಾರೆ.

ಇನ್ನೊಂದು ತಮಾಷೆ ಇದೆ. ಇಸ್ತಾಂಬುಲ್‌ನಲ್ಲೋ ಸೈಪ್ರಸ್‌ನಲ್ಲೋ ಇರುವ ಗ್ರೀಕನಿಗೆ ಟರ್ಕಿಯವರು ಯುನಾನ್ ಅನ್ನುವುದಿಲ್ಲ, 'ರೂಮ್' ಅಂತಾರೆ. ರೂಮ್ ಅಂದರೆ ರೋಮಿನವನು. ಗ್ರೀಕರು ಪ್ರಜೆಗಳಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ ಮುಗಿದು ಐನೂರು ವರ್ಷ ದಾಟಿದರೂ ಆ ಹೆಸರು ಹೋಗಿಲ್ಲ.

400 ವರ್ಷ ಟರ್ಕರ ಗುಲಾಮರಾಗಿದ್ವಿ ಅಂತ ಗ್ರೀಕರು ಹೇಳ್ತಾರೆ. ಅಷ್ಟೊಂದು ಕೆಟ್ಟದಾಗಿತ್ತಾ?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. 1453ರ ಮೇ 29ರಂದು ಕಾನ್‌ಸ್ಟಾಂಟಿನೋಪಲ್, ಅಂದರೆ ಇವತ್ತಿನ ಇಸ್ತಾಂಬುಲ್, ಆಟೋಮನ್ನರ, ಅಂದರೆ ಟರ್ಕರ ಸುಲ್ತಾನರ ಕೈಗೆ ಹೋಯಿತು. ಅವತ್ತು ಮಂಗಳವಾರ. ಗ್ರೀಕರಿಗೆ ಈಗಲೂ ಮಂಗಳವಾರ ಅಪಶಕುನ. ಆಮೇಲೆ ಸುಲ್ತಾನರು ಜನರನ್ನು ಭಾಷೆಯ ಲೆಕ್ಕದಲ್ಲಲ್ಲ, ಧರ್ಮದ ಲೆಕ್ಕದಲ್ಲಿ ಗುಂಪು ಮಾಡಿದರು. ಆರ್ಥೊಡಾಕ್ಸ್ ಕ್ರೈಸ್ತರೆಲ್ಲ, ಅಂದರೆ ಗ್ರೀಕರು, ಬಲ್ಗೇರಿಯನ್ನರು, ಅಲ್ಬೇನಿಯನ್ನರಲ್ಲಿ ಒಂದಷ್ಟು ಜನ, ಎಲ್ಲರೂ ಇಸ್ತಾಂಬುಲ್‌ನ ಪೇಟ್ರಿಯಾರ್ಕ್, ಅಂದರೆ ಅವರ ದೊಡ್ಡ ಧರ್ಮಗುರುವಿನ ಕೆಳಗೆ. ಆ ಪೀಠ ಗ್ರೀಕರದ್ದು. ಹಾಗಾಗಿ ಇಸ್ತಾಂಬುಲ್‌ನ ಫನಾರ್ ಕೇರಿಯ ಗ್ರೀಕ್ ಮನೆತನಗಳು ಚೆನ್ನಾಗಿಯೇ ಇದ್ದವು, ಇವತ್ತಿನ ರೊಮೇನಿಯಾದ ಕಡೆ ಸುಲ್ತಾನನ ಪರವಾಗಿ ಆಳಿದವು ಕೂಡ. ಹಳ್ಳಿಯ ರೈತನ ಕಥೆ ಬೇರೆ. ತೆರಿಗೆ ಜಾಸ್ತಿ, ಮಾನ ಕಡಿಮೆ, ಕೆಲವು ಕಾಲ ಗಂಡುಮಕ್ಕಳನ್ನು ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರು.

1821ರಲ್ಲಿ ದಂಗೆ ಎದ್ದರು. 1830ರಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ಸೇರಿ ಗ್ರೀಸ್ ಸ್ವತಂತ್ರ ಅಂತ ಒಪ್ಪಿದವು. 1822ರಲ್ಲಿ ಕಿಯೋಸ್ ದ್ವೀಪದಲ್ಲಿ ಆಟೋಮನ್ನರು ಮಾಡಿದ ಹತ್ಯಾಕಾಂಡ ಎಲ್ಲರಿಗೂ ಗೊತ್ತು. ಅದರ ಹಿಂದಿನ ವರ್ಷ ತ್ರಿಪೊಲಿತ್ಸಾ ಊರು ಗೆದ್ದ ಗ್ರೀಕರು ಅಲ್ಲಿನ ಮುಸ್ಲಿಮರನ್ನೂ ಯೆಹೂದಿಗಳನ್ನೂ ಕೊಂದದ್ದನ್ನು ಯಾರೂ ಅಷ್ಟು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು.

ಅಥೆನ್ಸ್‌ನಲ್ಲಿ 'ಟರ್ಕಿಶ್ ಕಾಫಿ' ಅಂತ ಕೇಳಿದ್ರೆ ಬೈತಾರಾ?

ಬೈಯುವುದಿಲ್ಲ, ಮುಖ ಸ್ವಲ್ಪ ಸಣ್ಣಗೆ ಮಾಡಿಕೊಳ್ಳಬಹುದು. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನೀರು, ಸಕ್ಕರೆ, ಹಿಟ್ಟಿನಷ್ಟು ನುಣ್ಣಗಿನ ಪುಡಿ ಹಾಕಿ ನೊರೆ ಏಳುವ ತನಕ ಕಾಯಿಸುವ ಕಾಫಿ ಅದು. ಸೋಸುವುದಿಲ್ಲ, ಗಸಿ ತಳದಲ್ಲಿ ಕೂರುತ್ತದೆ. 1974ರ ತನಕ ಗ್ರೀಸ್‌ನಲ್ಲೂ ಅದನ್ನು ಟರ್ಕಿಶ್ ಕಾಫಿ ಅಂತಲೇ ಕರೆಯುತ್ತಿದ್ದರು. ಆ ವರ್ಷ ಸೈಪ್ರಸ್‌ಗೆ ಟರ್ಕಿ ಸೈನ್ಯ ಇಳಿಯಿತು. ಅಲ್ಲಿಂದ ಮುಂದೆ ಅದು 'ಗ್ರೀಕ್ ಕಾಫಿ' ಆಗುತ್ತಾ ಹೋಯಿತು. ಪಾತ್ರೆ ಬದಲಾಗಲಿಲ್ಲ, ಪುಡಿ ಬದಲಾಗಲಿಲ್ಲ. ಹೆಸರಿನ ತಂಟೆಗೇ ಹೋಗದೆ 'ಮೆಟ್ರಿಯೊ' ಅನ್ನಿ, ಮಧ್ಯಮ ಸಕ್ಕರೆಯದ್ದು ಬರುತ್ತದೆ.

ಬಕ್ಲಾವಾ, ದೊಲ್ಮಾ ಎಲ್ಲ ನಿಜಕ್ಕೂ ಯಾರದ್ದು?

ಇದಕ್ಕೆ ಉತ್ತರ ಹುಡುಕುವುದೇ ದಂಡ. ಒಂದೇ ಸಾಮ್ರಾಜ್ಯದ ಪೇಟೆಗಳಲ್ಲಿ ಒಟ್ಟಿಗೆ ಬೆಂದ ಅಡುಗೆ ಅದು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ್ದು ಟರ್ಕಿಯಲ್ಲಿ ಸಾರ್ಮಾ ಅಥವಾ ದೊಲ್ಮಾ, ಗ್ರೀಸ್‌ನಲ್ಲಿ ದೊಲ್ಮಾದೆಸ್. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ ಹಾಕಿದ್ದು ಟರ್ಕಿಯಲ್ಲಿ ಜಾಜಿಕ್, ಗ್ರೀಸ್‌ನಲ್ಲಿ ಜಾಜೀಕಿ. ನಮ್ಮ ಸೌತೆಕಾಯಿ ಮೊಸರುಬಜ್ಜಿ ತಿಂದವರಿಗೆ ಹೊಸದೇನಲ್ಲ ಬಿಡಿ. ಆದರೆ ಬದನೆಕಾಯಿ, ಮಾಂಸದ ಮೂಸಾಕ ಮೇಲಿನ ದಪ್ಪ ಬಿಳಿ ಸಾಸ್ ಗ್ರೀಕರ ಸೇರ್ಪಡೆ. 20ನೇ ಶತಮಾನದ ಮೊದಲ ಭಾಗದಲ್ಲಿ ನಿಕೊಲಾಸ್ ತ್ಸೆಲೆಮೆಂತೆಸ್ ಅನ್ನುವ ಬಾಣಸಿಗ ಗ್ರೀಕ್ ಅಡುಗೆಯಿಂದ ಟರ್ಕಿಯ ವಾಸನೆ ತೆಗೆಯಬೇಕು ಅಂತ ಹಠ ಹಿಡಿದು ಫ್ರೆಂಚ್ ಸಾಸ್ ತಂದು ಸುರಿದ.

ತೊಗಲುಗೊಂಬೆಯಾಟ ನೋಡಿದವರಿಗೆ ಇನ್ನೊಂದು ವಿಷಯ. ಅಲ್ಲಿಯೂ ತೆರೆಯ ಹಿಂದೆ ಬೊಂಬೆ ಕುಣಿಸುವ ಆಟ ಇದೆ. ಟರ್ಕಿಯಲ್ಲಿ ಅದರ ನಾಯಕ ಕರಗೋಜ್, ಗ್ರೀಸ್‌ನಲ್ಲಿ ಕರಗಿಯೋಜಿಸ್. ಗ್ರೀಕ್ ಆಟದಲ್ಲಿ ಅವನು ಹೊಟ್ಟೆಗಿಲ್ಲದ ಗ್ರೀಕ್ ಬಡವ. ಅವನ ಗುಡಿಸಲು ಒಂದು ಕಡೆ, ಪಾಷಾನ, ಅಂದರೆ ಟರ್ಕ್ ಅಧಿಕಾರಿಯ ಅರಮನೆ ಇನ್ನೊಂದು ಕಡೆ.

## ಸ್ವಲ್ಪ ಒಳಗೆ

1923ರ ಜನರ ಅದಲುಬದಲು ಅಂದ್ರೆ ಏನು? ನಮ್ಮ ದೇಶ ವಿಭಜನೆ ಥರಾನಾ?

ಹೋಲಿಕೆ ಇದೆ, ಒಂದು ದೊಡ್ಡ ವ್ಯತ್ಯಾಸವೂ ಇದೆ. ಇಲ್ಲಿ ಗ್ರೀಸ್, ಟರ್ಕಿ ಎರಡೂ ಸರಕಾರಗಳು ಮೇಜಿನ ಮುಂದೆ ಕೂತು, ಸಹಿ ಹಾಕಿ, ಜನರನ್ನು ಕಡ್ಡಾಯವಾಗಿ ಅದಲುಬದಲು ಮಾಡಿಕೊಂಡವು.

ಹಿನ್ನೆಲೆ ಹೇಳುತ್ತೇನೆ. ಗ್ರೀಸ್ ಹುಟ್ಟಿದಾಗ ಬಹಳ ಚಿಕ್ಕದು, ಗ್ರೀಕರಲ್ಲಿ ಹೆಚ್ಚಿನವರು ಅದರ ಹೊರಗೇ ಇದ್ದರು. ಅವರಿರುವ ನೆಲವನ್ನೆಲ್ಲ ಸೇರಿಸಿಕೊಳ್ಳಬೇಕು, ಕಾನ್‌ಸ್ಟಾಂಟಿನೋಪಲ್ಲೂ ನಮ್ಮದಾಗಬೇಕು ಅನ್ನುವ ಕನಸಿಗೆ 'ದೊಡ್ಡ ಯೋಚನೆ' ಅಂತ ಹೆಸರಿಟ್ಟರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಮೇ ತಿಂಗಳಲ್ಲಿ ಗ್ರೀಕ್ ಸೈನ್ಯ ಸ್ಮಿರ್ನಾದಲ್ಲಿ, ಅಂದರೆ ಇವತ್ತಿನ ಇಜ್ಮಿರ್‌ನಲ್ಲಿ ಇಳಿಯಿತು. ಅಲ್ಲಿಗೆ ನಿಲ್ಲದೆ ಒಳಗೊಳಗೆ ನುಗ್ಗಿತು. 1922ರಲ್ಲಿ ಮುಸ್ತಫಾ ಕೆಮಾಲ್ (ಮುಂದೆ ಅಟಾಟುರ್ಕ್ ಅಂತ ಹೆಸರಾದವನು) ಸೈನ್ಯ ಹೊಡೆದು ಓಡಿಸಿತು. ಸೆಪ್ಟೆಂಬರ್‌ನಲ್ಲಿ ಸ್ಮಿರ್ನಾ ಹೊತ್ತಿ ಉರಿಯಿತು, ಬಂದರಿನ ಕಟ್ಟೆ ಮೇಲೆ ಲಕ್ಷಾಂತರ ಜನ ಹಡಗಿಗಾಗಿ ಕಾದರು. ಟರ್ಕಿಯಲ್ಲಿ ಇದು ಸ್ವಾತಂತ್ರ್ಯ ಯುದ್ಧ. ಗ್ರೀಸ್‌ನಲ್ಲಿ ಇದಕ್ಕೆ ಒಂದೇ ಹೆಸರು, 'ಮಹಾ ದುರಂತ'.

1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಒಪ್ಪಂದವಾಯಿತು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸ್‌ಗೆ, ಮೂರೂವರೆಯಿಂದ ನಾಲ್ಕು ಲಕ್ಷ ಮುಸ್ಲಿಮರು ಟರ್ಕಿಗೆ. ಕ್ರೈಸ್ತರಲ್ಲಿ ಹೆಚ್ಚಿನವರು ಆಗಲೇ ಜೀವ ಉಳಿಸಿಕೊಂಡು ಓಡಿ ಬಂದಿದ್ದರು, ಒಪ್ಪಂದ ಅವರಿಗೆ ವಾಪಸ್ ಹೋಗುವ ದಾರಿ ಮುಚ್ಚಿತು ಅಷ್ಟೇ. ಯಾರು ಗ್ರೀಕ, ಯಾರು ಟರ್ಕ ಅಂತ ಹೇಗೆ ಗೊತ್ತು ಮಾಡಿದರು? ಧರ್ಮ ನೋಡಿ. ಭಾಷೆ ಲೆಕ್ಕಕ್ಕೇ ಬರಲಿಲ್ಲ. ಟರ್ಕಿಯ ನಡುಭಾಗದ ಕಪಡೋಕಿಯಾ ಕಡೆ ಕರಮನ್ಲಿ ಅನ್ನುವ ಕ್ರೈಸ್ತರಿದ್ದರು. ಮನೆಮಾತು ಟರ್ಕಿಶ್, ಆದರೆ ಅದನ್ನು ಗ್ರೀಕ್ ಅಕ್ಷರದಲ್ಲಿ ಬರೆಯುತ್ತಿದ್ದರು. ಅವರನ್ನು ಗ್ರೀಸ್‌ಗೆ ಕಳಿಸಿದರು, ಅಲ್ಲಿ ಅಂಗಡಿಯಲ್ಲಿ ಉಪ್ಪು ಕೇಳಲೂ ಅವರಿಗೆ ಮಾತು ಬರುತ್ತಿರಲಿಲ್ಲ. ಇತ್ತ ಕ್ರೀಟ್ ದ್ವೀಪದ ಮುಸ್ಲಿಮರಲ್ಲಿ ಹೆಚ್ಚಿನವರಿಗೆ ಗ್ರೀಕ್ ಬಿಟ್ಟು ಬೇರೆ ಭಾಷೆ ಗೊತ್ತಿರಲಿಲ್ಲ. ಅವರನ್ನು ಐವಲಿಕ್, ಬೊದ್ರುಮ್, ಮೆರ್ಸಿನ್ ಕಡೆ ಇಳಿಸಿದರು. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದ ಜಗಳಗಳು ಅರ್ಧ ಅರ್ಥವಾದ ಹಾಗೆ.

ಗ್ರೀಸ್‌ನಲ್ಲಿ ಆಗ ಐದು ಜನರಲ್ಲಿ ಒಬ್ಬರು ನಿರಾಶ್ರಿತರು. ಅಥೆನ್ಸ್ ಸುತ್ತ ನೆಯಾ ಸ್ಮಿರ್ನಿ, ನೆಯಾ ಇಯೋನಿಯಾ, ಅಂದರೆ ಹೊಸ ಸ್ಮಿರ್ನಾ, ಹೊಸ ಅಯೋನಿಯಾ ಎದ್ದವು. ಫುಟ್‌ಬಾಲ್ ನೋಡುವವರಿಗೆ ಗೊತ್ತಿರುವ ಎಇಕೆ, ಪಿಎಒಕೆ ಕ್ಲಬ್ಬುಗಳ ಕೊನೆಯ 'ಕೆ' ಕಾನ್‌ಸ್ಟಾಂಟಿನೋಪಲ್ಲಿನದು. ಬಂದವರು ಕಟ್ಟಿಕೊಂಡ ತಂಡಗಳವು.

ನಮಗೂ ಇದಕ್ಕೂ ಒಂದು ಎಳೆ ಇದೆ. 1940ರಲ್ಲಿ ಪಾಕಿಸ್ತಾನದ ಬೇಡಿಕೆ ಬಗ್ಗೆ ಬರೆದಾಗ ಅಂಬೇಡ್ಕರ್ ಅವರು ಟರ್ಕಿ, ಗ್ರೀಸ್, ಬಲ್ಗೇರಿಯಾ ಜನರನ್ನು ಅದಲುಬದಲು ಮಾಡಿಕೊಂಡದ್ದನ್ನು ಉದಾಹರಣೆಯಾಗಿ ಕೊಟ್ಟಿದ್ದರು.

ಹಾಗಾದ್ರೆ ಇಸ್ತಾಂಬುಲ್‌ನಲ್ಲಿ ಈಗ ಗ್ರೀಕರೇ ಇಲ್ವಾ?

ಕೆಲವೇ ಸಾವಿರ ಇದ್ದಾರೆ. ಅದಲುಬದಲಿನಿಂದ ಎರಡು ಗುಂಪುಗಳನ್ನು ಬಿಟ್ಟಿದ್ದರು. ಇಸ್ತಾಂಬುಲ್ ಮತ್ತು ಎರಡು ದ್ವೀಪಗಳ ಗ್ರೀಕರು ಅಲ್ಲೇ ಇರಬಹುದು, ಗ್ರೀಸ್‌ನ ಪಶ್ಚಿಮ ಥ್ರೇಸ್‌ನ ಮುಸ್ಲಿಮರು ಅಲ್ಲೇ ಇರಬಹುದು. ಮೇಲ್ನೋಟಕ್ಕೆ ನ್ಯಾಯ. ಆದರೆ ಎರಡೂ ಕಡೆಯವರು ಒತ್ತೆಯಾಳುಗಳ ಹಾಗಾದರು.

1955ರ ಸೆಪ್ಟೆಂಬರ್‌ನಲ್ಲಿ ಗ್ರೀಸ್‌ನ ಥೆಸಲೋನಿಕಿಯಲ್ಲಿ ಅಟಾಟುರ್ಕ್ ಹುಟ್ಟಿದ ಮನೆಗೆ ಬಾಂಬ್ ಹಾಕಿದರು ಅನ್ನುವ ಸುದ್ದಿ ಹಬ್ಬಿತು, ಒಂದು ರಾತ್ರಿಯಲ್ಲಿ ಇಸ್ತಾಂಬುಲ್‌ನ ಗ್ರೀಕರ ಅಂಗಡಿ, ಮನೆ, ಚರ್ಚುಗಳು ಪುಡಿಯಾದವು. ಬಾಂಬ್ ಇಟ್ಟದ್ದು ಟರ್ಕಿ ಕಡೆಯವರೇ ಅಂತ ಆಮೇಲೆ ಬಯಲಾಯಿತು. 1964ರಲ್ಲಿ ಗ್ರೀಸ್ ಪಾಸ್‌ಪೋರ್ಟ್ ಇದ್ದ ಸುಮಾರು 12 ಸಾವಿರ ಜನರನ್ನು ಹೊರಗೆ ಕಳಿಸಿದರು, ಅವರ ಹಿಂದೆ ಹೆಂಡತಿ ಮಕ್ಕಳೂ ಹೊರಟರು.

ಗ್ರೀಸ್ ಕಡೆ ಥ್ರೇಸ್‌ನಲ್ಲಿ ಮುಸ್ಲಿಮರ ಸಂಖ್ಯೆ ಈಗಲೂ ಲಕ್ಷದ ಆಸುಪಾಸಿನಲ್ಲಿದೆ. ಅವರ ತಕರಾರು ಬೇರೆ. ಒಪ್ಪಂದದಲ್ಲಿ 'ಮುಸ್ಲಿಂ' ಅಂತ ಇದೆ, ಹಾಗಾಗಿ ನೀವು 'ಟರ್ಕಿಶ್' ಅಂತ ಹೇಳಿಕೊಳ್ಳುವ ಹಾಗಿಲ್ಲ ಅನ್ನುತ್ತದೆ ಗ್ರೀಸ್. 'ಟರ್ಕಿಶ್' ಅನ್ನುವ ಪದ ಹೆಸರಲ್ಲಿದೆ ಅಂತ ಒಂದು ಸಂಘವನ್ನೇ ರದ್ದು ಮಾಡಿ, 2008ರಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟಿನಲ್ಲಿ ಸೋತಿತು. ಅಲ್ಲಿ ಸ್ಲಾವ್ ಭಾಷೆ (ರಷ್ಯನ್, ಬಲ್ಗೇರಿಯನ್ ಬಳಗದ್ದು) ಮಾತಾಡುವ ಪೊಮಾಕ್ ಮುಸ್ಲಿಮರೂ ಇದ್ದಾರೆ, ಅವರನ್ನು ಎರಡೂ ಕಡೆಯವರು ತಮ್ಮ ಅನುಕೂಲಕ್ಕೆ ಎಳೆದಾಡುತ್ತಾರೆ.

ಅಲೆಕ್ಸಾಂಡರ್ ಗ್ರೀಕನಾ, ಮ್ಯಾಸಿಡೋನಿಯಾದವನಾ? ಅದಕ್ಕೇ ಜಗಳವಂತೆ?

ಅಲೆಕ್ಸಾಂಡರ್ ಮ್ಯಾಸಿಡೋನಿಯಾದ ರಾಜ, ಗ್ರೀಕ್ ಜಗತ್ತಿನವನು. ಅವನ ರಾಜಧಾನಿ ಪೆಲ್ಲಾ ಇವತ್ತಿನ ಗ್ರೀಸ್‌ನಲ್ಲೇ ಇದೆ. ಇವತ್ತಿನ ಉತ್ತರ ಮ್ಯಾಸಿಡೋನಿಯಾದವರಲ್ಲಿ ಹೆಚ್ಚಿನವರ ಹಿರಿಯರಾದ ಸ್ಲಾವ್ ಜನ ಆ ಕಡೆ ಬಂದದ್ದು ಅವನು ಸತ್ತು ಎಂಟು ಒಂಬತ್ತು ಶತಮಾನ ಕಳೆದ ಮೇಲೆ. ಇಷ್ಟರ ಮಟ್ಟಿಗೆ ಗ್ರೀಕರ ಮಾತು ಸರಿ.

ಆದರೆ ಜಗಳ ನಿಜವಾಗಿ ಅಲೆಕ್ಸಾಂಡರ್‌ದಲ್ಲ, 1913ರದ್ದು. ಆಟೋಮನ್ನರ ಕೈಲಿದ್ದ ಮ್ಯಾಸಿಡೋನಿಯಾವನ್ನು ಆ ವರ್ಷ ಹಂಚಿಕೊಂಡರು. ಸುಮಾರು ಅರ್ಧ ಗ್ರೀಸ್‌ಗೆ, ದೊಡ್ಡದೊಂದು ಪಾಲು ಸರ್ಬಿಯಾಕ್ಕೆ, ಚಿಕ್ಕ ತುಂಡು ಬಲ್ಗೇರಿಯಾಕ್ಕೆ. ಗ್ರೀಸ್‌ಗೆ ಬಂದ ಭಾಗದಲ್ಲಿ ಸ್ಲಾವ್ ಭಾಷೆಯ ಹಳ್ಳಿಗಳಿದ್ದವು. ಅವುಗಳ ಹೆಸರು ಬದಲಾಯಿಸಿದರು. 1936ರಿಂದ ಮೆಟಾಕ್ಸಾಸ್ ಸರ್ವಾಧಿಕಾರದಲ್ಲಿ ಬೀದಿಯಲ್ಲಿ ಆ ಭಾಷೆ ಆಡಿದರೆ ಶಿಕ್ಷೆ. ಈ ಹಳೇ ಹೆದರಿಕೆ ಗ್ರೀಕರ ಒಳಗೆ ಇದ್ದೇ ಇತ್ತು. ಹಾಗಾಗಿ 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ದೇಶ 'ಮ್ಯಾಸಿಡೋನಿಯಾ' ಅಂತ ಹೆಸರಿಟ್ಟುಕೊಂಡಾಗ, ಇವತ್ತು ಹೆಸರು ತಗೊಂಡವರು ನಾಳೆ ಥೆಸಲೋನಿಕಿ ಕೇಳುತ್ತಾರೆ ಅಂತ ಗ್ರೀಕರು ಬೀದಿಗಿಳಿದರು. ಗ್ರೀಸ್ 1994ರಲ್ಲಿ ವ್ಯಾಪಾರ ಬಂದ್ ಮಾಡಿತು, 2008ರಲ್ಲಿ ನೇಟೋ ಸೈನಿಕ ಕೂಟದ ಬಾಗಿಲು ಮುಚ್ಚಿತು. ಅವರೇನು ಕಡಿಮೆಯಲ್ಲ. ತಮ್ಮ ರಾಜಧಾನಿ ಸ್ಕೋಪ್ಯೆಯ ವಿಮಾನ ನಿಲ್ದಾಣಕ್ಕೆ ಅಲೆಕ್ಸಾಂಡರ್ ಹೆಸರಿಟ್ಟರು, ಊರ ನಡುವೆ ದೊಡ್ಡ ಪ್ರತಿಮೆ ನಿಲ್ಲಿಸಿ ಅದಕ್ಕೆ 'ಕುದುರೆ ಮೇಲಿನ ಯೋಧ' ಅಂತ ಹೆಸರು ಕೊಟ್ಟರು. ಯಾರು ಅಂತ ಎಲ್ಲರಿಗೂ ಗೊತ್ತು, ಹೇಳುವ ಹಾಗಿಲ್ಲ ಅಷ್ಟೇ.

2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ ಸಹಿ ಬಿತ್ತು. ದೇಶದ ಹೆಸರು 'ಉತ್ತರ ಮ್ಯಾಸಿಡೋನಿಯಾ'. ಭಾಷೆಯ ಹೆಸರು ಮ್ಯಾಸಿಡೋನಿಯನ್ ಅಂತಲೇ ಇರಲಿ, ಆದರೆ ಅದು ಸ್ಲಾವ್ ಭಾಷೆ ಅಂತ ಒಪ್ಪಬೇಕು. ಗ್ರೀಕ್ ಪಾರ್ಲಿಮೆಂಟಿನ 300ರಲ್ಲಿ 153 ಮತ ಬಿದ್ದವು, ಅಂದರೆ ಕೂದಲೆಳೆಯಲ್ಲಿ ಪಾಸು. ನನ್ನ ಲೆಕ್ಕದಲ್ಲಿ ಇತ್ತೀಚೆಗೆ ಆ ಕಡೆ ಯಾರೂ ಮಾಡದ ಧೈರ್ಯದ ಕೆಲಸ. ಇಬ್ಬರು ಪ್ರಧಾನಿಗಳೂ ಮನೆಯಲ್ಲಿ ಬೈಸಿಕೊಂಡರು.

ಗ್ರೀಸ್, ಅಲ್ಬೇನಿಯಾ ಕಾನೂನಿನ ಪ್ರಕಾರ ಇನ್ನೂ ಯುದ್ಧದಲ್ಲೇ ಇವೆಯಂತೆ, ನಿಜಾನಾ?

ಅರ್ಧ ನಿಜ. 1940ರ ಅಕ್ಟೋಬರ್ 28ರಂದು ಇಟಲಿ ಗ್ರೀಸ್ ಮೇಲೆ ಬಿದ್ದದ್ದು ಅಲ್ಬೇನಿಯಾ ನೆಲದಿಂದ. ಗ್ರೀಸ್ ಆಗ ಅಲ್ಬೇನಿಯಾವನ್ನೂ ಶತ್ರು ಪಟ್ಟಿಗೆ ಸೇರಿಸಿತು. 1987ರಲ್ಲಿ ಗ್ರೀಕ್ ಸರಕಾರ ಯುದ್ಧ ಸ್ಥಿತಿ ಮುಗಿಯಿತು ಅಂತ ತೀರ್ಮಾನ ಮಾಡಿದರೂ ಪಾರ್ಲಿಮೆಂಟಿನಲ್ಲಿ ಆ ಕಾನೂನು ರದ್ದಾಗಿಲ್ಲ ಅನ್ನುವುದು ಅಲ್ಬೇನಿಯಾದ ವಾದ. ಅದರ ಹಿಂದೆ ಇರುವುದು ಆಸ್ತಿ. ಯುದ್ಧದ ಕೊನೆಯಲ್ಲಿ ಗ್ರೀಸ್‌ನಿಂದ ಓಡಿಸಿದ ಚಾಮ್ ಅಲ್ಬೇನಿಯನ್ನರ ಹೊಲ ಮನೆಗಳು ಗಡಿಯ ಈಚೆ ಉಳಿದವು. ಶತ್ರುಗಳ ಜೊತೆ ಕೈಜೋಡಿಸಿದ್ದರು ಅನ್ನುವುದು ಗ್ರೀಕರ ಉತ್ತರ. ಕೆಲವರು ಮಾಡಿದ್ದಕ್ಕೆ ಎಲ್ಲರನ್ನೂ ಓಡಿಸಿದಿರಿ ಅನ್ನುವುದು ಅವರ ಮರುಪ್ರಶ್ನೆ.

ಇನ್ನು ರಕ್ತದ ಮಾತಿಗೆ ಬಂದರೆ ಅಥೆನ್ಸ್ ಸುತ್ತಮುತ್ತಲ ಹಳ್ಳಿಗಳಲ್ಲಿ, ಹೈಡ್ರಾದಂಥ ದ್ವೀಪಗಳಲ್ಲಿ ಶತಮಾನಗಳಿಂದ ಅಲ್ಬೇನಿಯನ್ ಮಾತಾಡುತ್ತಿದ್ದ ಅರ್ವನೀತೆಸ್ ಅನ್ನುವ ಜನ ಇದ್ದಾರೆ. 1821ರ ದಂಗೆಯಲ್ಲಿ ಹಡಗು ನಡೆಸಿದ ಬುಬುಲಿನಾ ಅವರ ಪೈಕಿ. ಇಂಥ ದೇಶದಲ್ಲಿ 1990ರ ದಶಕದಲ್ಲಿ ಕೆಲಸ ಹುಡುಕಿಕೊಂಡು ಬೆಟ್ಟ ಹತ್ತಿ ಬಂದ ಲಕ್ಷಾಂತರ ಅಲ್ಬೇನಿಯನ್ನರನ್ನು ಮೊದಮೊದಲು ಕಳ್ಳರ ಹಾಗೆ ನೋಡಿದರು. ಎಷ್ಟೋ ಜನ ಗ್ರೀಕ್ ಹೆಸರಿಟ್ಟುಕೊಂಡು ಬದುಕಿದರು. ಈಗ ಅವರ ಮಕ್ಕಳು ಅಥೆನ್ಸ್‌ನವರೇ ಆಗಿದ್ದಾರೆ.

ನಾಯಿ ಹಿಂದೆ ಓಡಿ ಯುದ್ಧ ಆಯ್ತು ಅನ್ನೋದು ಕಟ್ಟುಕಥೆ ತಾನೇ?

ನಾಯಿ ಇತ್ತೋ ಇಲ್ಲವೋ, ಯುದ್ಧ ಮಾತ್ರ ಆಯಿತು. 1925ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾ ಗಡಿಯಲ್ಲಿ ಒಬ್ಬ ಗ್ರೀಕ್ ಸೈನಿಕ ಸತ್ತ. ಓಡಿಹೋದ ನಾಯಿಯ ಹಿಂದೆ ಹೋಗಿದ್ದ ಅನ್ನುವುದು ಜನಪ್ರಿಯ ಕಥೆ. ಗ್ರೀಸ್‌ನ ಸರ್ವಾಧಿಕಾರಿ ಪಂಗಲೋಸ್ ಸೈನ್ಯವನ್ನು ಬಲ್ಗೇರಿಯಾದ ಪೆತ್ರಿಚ್ ಕಡೆ ನುಗ್ಗಿಸಿದ. ಇವತ್ತಿನ ವಿಶ್ವಸಂಸ್ಥೆಗೆ ಮೊದಲಿದ್ದ ಲೀಗ್ ಆಫ್ ನೇಷನ್ಸ್ ನಿಲ್ಲಿಸಿ ಅಂದಿತು, ಗ್ರೀಸ್‌ಗೆ 45 ಸಾವಿರ ಪೌಂಡ್ ದಂಡ ಹಾಕಿತು. ಎರಡೇ ವರ್ಷದ ಹಿಂದೆ ಇಟಲಿ ಕೋರ್ಫು ದ್ವೀಪ ಹಿಡಿದಾಗ ದುಡ್ಡು ಕಟ್ಟಿದ್ದೂ ಗ್ರೀಸೇ. ದೊಡ್ಡವರಿಗೊಂದು ನ್ಯಾಯ, ಚಿಕ್ಕವರಿಗೊಂದು ನ್ಯಾಯ ಅಂತ ಗ್ರೀಕರು ಗೊಣಗಿದ್ದರಲ್ಲಿ ತಪ್ಪಿಲ್ಲ.

1941ರಿಂದ 1944ರ ತನಕ ಬಲ್ಗೇರಿಯಾ ಗ್ರೀಸ್‌ನ ಈಶಾನ್ಯ ಭಾಗ ಹಿಡಿದುಕೊಂಡಿತ್ತು, ಅದು ಕ್ರೂರ ಕಾಲ. ಈಗ 2025ರ ಜನವರಿ 1ರಿಂದ ಆ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಕೂಡ ಇಲ್ಲ.

## ಇನ್ನೂ ಆಳಕ್ಕೆ

ಸೈಪ್ರಸ್ ಗ್ರೀಸ್‌ದಾ, ಟರ್ಕಿದಾ?

ಯಾರದ್ದೂ ಅಲ್ಲ, 1960ರಿಂದ ಸ್ವತಂತ್ರ ದೇಶ. ತೊಂದರೆ ಏನಂದರೆ ಅಲ್ಲಿನ ಗ್ರೀಕರಲ್ಲಿ ಬಹಳ ಜನಕ್ಕೆ ಸ್ವಾತಂತ್ರ್ಯಕ್ಕಿಂತ ಗ್ರೀಸ್ ಜೊತೆ ಸೇರುವುದು ಬೇಕಿತ್ತು, ಅಲ್ಲಿನ ಟರ್ಕರಿಗೆ ಅದೇ ಭಯ. 1963ರ ಕೊನೆಗೆ ಹೊಡೆದಾಟ ಶುರುವಾಯಿತು. 1974ರ ಜುಲೈ 15ರಂದು ಅಥೆನ್ಸ್‌ನ ಮಿಲಿಟರಿ ಸರಕಾರ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ ಮಾಡಿಸಿತು. ಐದು ದಿನಕ್ಕೆ ಟರ್ಕಿ ಸೈನ್ಯ ಇಳಿಯಿತು. ಅಥೆನ್ಸ್‌ನ ಮಿಲಿಟರಿ ಸರಕಾರ ಅದೇ ವಾರ ಬಿತ್ತು, ಗ್ರೀಸ್‌ಗೆ ಪ್ರಜಾಪ್ರಭುತ್ವ ವಾಪಸ್ ಬಂತು. ಅದರ ಬೆಲೆ ಸೈಪ್ರಸ್ ಕೊಟ್ಟಿತು.

ಇವತ್ತಿಗೂ ದ್ವೀಪದ ಮೂರನೇ ಒಂದಕ್ಕಿಂತ ಜಾಸ್ತಿ ಭಾಗ ಟರ್ಕಿ ಕಡೆ ಇದೆ. 1983ರಲ್ಲಿ ಉತ್ತರದವರು ಬೇರೆ ದೇಶ ಅಂತ ಸಾರಿದರು, ಟರ್ಕಿ ಬಿಟ್ಟು ಯಾರೂ ಒಪ್ಪಿಲ್ಲ. 2004ರಲ್ಲಿ ಒಂದಾಗುವ ಯೋಜನೆಗೆ ಮತ ಹಾಕಿಸಿದರು. ಟರ್ಕಿಶ್ ಕಡೆ ಶೇ. 65 ಜನ ಹೂಂ ಅಂದರು, ಗ್ರೀಕ್ ಕಡೆ ಶೇ. 76 ಜನ ಉಹೂಂ ಅಂದರು. ಬೇಡ ಅಂದವರು ಒಂದೇ ವಾರದಲ್ಲಿ ಯುರೋಪಿಯನ್ ಯೂನಿಯನ್ ಸೇರಿದರು, ಬೇಕು ಅಂದವರು ಹೊರಗೆ ಉಳಿದರು.

ಆಡು ಮೇಯೋ ಬಂಡೆಗೋಸ್ಕರ ಎರಡು ದೇಶ ಯುದ್ಧಕ್ಕೆ ಹೊರಟಿದ್ದು ಯಾಕೆ?

ಬಂಡೆಯ ಸುತ್ತ ಸಮುದ್ರ ಇರುತ್ತದಲ್ಲ, ಅದಕ್ಕೆ. ಗ್ರೀಕರು ಇಮಿಯಾ, ಟರ್ಕರು ಕರ್ದಾಕ್ ಅನ್ನುವ ಎರಡು ಬಂಡೆಗಳಿವೆ. 1996ರ ಜನವರಿಯಲ್ಲಿ ಅಲ್ಲಿ ಬಾವುಟ ನೆಡುವ ಪೈಪೋಟಿ ಶುರುವಾಗಿ ಎರಡೂ ಕಡೆಯ ಯುದ್ಧನೌಕೆಗಳು ಎದುರುಬದುರಾದವು. ಗ್ರೀಕ್ ಹೆಲಿಕಾಪ್ಟರ್ ಬಿದ್ದು ಮೂವರು ಅಧಿಕಾರಿಗಳು ಸತ್ತರು. ಅಮೆರಿಕ ರಾತ್ರೋರಾತ್ರಿ ಫೋನ್ ಮಾಡಿ ಬಿಡಿಸಿತು.

ಮೂಲ ಪ್ರಶ್ನೆ ಇದು. ಗ್ರೀಸ್‌ನ ಎಷ್ಟೋ ದ್ವೀಪಗಳು ಟರ್ಕಿಯ ಮೂಗಿನ ಕೆಳಗಿವೆ. ಕಸ್ತೆಲೋರಿಜೊ ದ್ವೀಪ ಟರ್ಕಿಯ ಕರಾವಳಿಯಿಂದ ಸುಮಾರು ಎರಡೇ ಕಿಲೋಮೀಟರ್. ಗ್ರೀಸ್ ಈಗ ಎರಡೂ ದೇಶಗಳ ನಡುವಿನ ಏಜಿಯನ್ ಸಮುದ್ರದಲ್ಲಿ ದಡದಿಂದ 6 ನಾಟಿಕಲ್ ಮೈಲಿ ತನ್ನದು ಅನ್ನುತ್ತದೆ. 1982ರ ಸಮುದ್ರ ಕಾನೂನು 12ರ ತನಕ ಬಿಡುತ್ತದೆ. ಟರ್ಕಿ ಅದಕ್ಕೆ ಸಹಿ ಹಾಕಿಲ್ಲ, ಯಾಕಂದರೆ ಎಲ್ಲ ದ್ವೀಪಕ್ಕೂ 12 ಕೊಟ್ಟರೆ ಏಜಿಯನ್ ಬಹುಪಾಲು ಗ್ರೀಕರ ಕೆರೆಯಾಗುತ್ತದೆ. ಹಾಗೆ ಮಾಡಿದರೆ ಯುದ್ಧವೇ ಅಂತ 1995ರಲ್ಲಿ ಟರ್ಕಿ ಪಾರ್ಲಿಮೆಂಟು ಹೇಳಿಬಿಟ್ಟಿದೆ. ಕಾನೂನು ಗ್ರೀಸ್ ಕಡೆ ಇದೆ, ನಕ್ಷೆ ನೋಡಿದರೆ ಟರ್ಕಿಯ ಸಂಕಟವೂ ಅರ್ಥವಾಗುತ್ತದೆ. ಎರಡೂ 1952ರಲ್ಲಿ ಒಟ್ಟಿಗೆ ನೇಟೋ ಸೇರಿದ ದೇಶಗಳು ಅನ್ನುವುದನ್ನು ಮರೆಯಬೇಡಿ.

ಹಯಾ ಸೋಫಿಯಾ ಮಸೀದಿ ಆದಾಗ ಗ್ರೀಸ್ ಯಾಕೆ ಅಷ್ಟು ನೊಂದುಕೊಂಡಿತು? ಅದು ಅವರ ದೇಶದಲ್ಲಿ ಇಲ್ವಲ್ಲ?

537ರಲ್ಲಿ ಕಟ್ಟಿದ ಆ ಚರ್ಚು ಆರ್ಥೊಡಾಕ್ಸ್ ಜನರಿಗೆ ಒಂಬೈನೂರು ವರ್ಷ ಎಲ್ಲಕ್ಕಿಂತ ದೊಡ್ಡದು. 1453ರಲ್ಲಿ ಮಸೀದಿ, ಅಟಾಟುರ್ಕ್ ಕಾಲದಲ್ಲಿ ಮ್ಯೂಸಿಯಂ, 2020ರಲ್ಲಿ ಮತ್ತೆ ಮಸೀದಿ. ಮೊದಲ ನಮಾಜು ಜುಲೈ 24ರಂದು. 1923ರಲ್ಲಿ ಯುದ್ಧ ಮುಗಿಸಿದ ಲೋಸಾನ್ ಶಾಂತಿ ಒಪ್ಪಂದಕ್ಕೆ (ಜನವರಿಯದ್ದು ಅದಲುಬದಲಿನ ಒಪ್ಪಂದ) ಸಹಿ ಬಿದ್ದದ್ದೂ ಜುಲೈ 24. ಇದನ್ನು ಗ್ರೀಕರು ಗಮನಿಸದೆ ಇರುತ್ತಾರಾ? ಆದರೆ ಅಥೆನ್ಸ್‌ನಲ್ಲಿ ಸರಕಾರವೇ ಕಟ್ಟಿಸಿದ ಮೊದಲ ಮಸೀದಿ ಬಾಗಿಲು ತೆರೆದದ್ದೂ 2020ರಲ್ಲೇ, ಅದೂ ವರ್ಷಗಟ್ಟಲೆ ಎಳೆದಾಡಿದ ಮೇಲೆ.

ಇಷ್ಟೆಲ್ಲ ಆದ್ಮೇಲೆ ಸಾಮಾನ್ಯ ಜನ ಒಬ್ರನ್ನೊಬ್ರು ದ್ವೇಷಿಸ್ತಾರಾ?

ಟಿವಿ ಮುಂದೆ ಕೂತಾಗ ಸ್ವಲ್ಪ. 1941ರ ಚಳಿಗಾಲದಲ್ಲಿ ಜರ್ಮನ್ನರ ಕೈಕೆಳಗೆ ಅಥೆನ್ಸ್ ಹಸಿವಿನಿಂದ ಸಾಯುತ್ತಿದ್ದಾಗ ಇಸ್ತಾಂಬುಲ್‌ನಿಂದ 'ಕುರ್ತುಲುಶ್' ಅನ್ನುವ ಹಡಗು ಅನ್ನ ಹೊತ್ತು ಬಂತು. ನಾಲ್ಕು ಸಲ ಬಂದು ಐದನೇ ಸಲ ದಾರಿಯಲ್ಲಿ ಮುಳುಗಿತು. 1999ರ ಫೆಬ್ರವರಿಯಲ್ಲಿ ಟರ್ಕಿ ಹುಡುಕುತ್ತಿದ್ದ ಕುರ್ದಿಶ್ ನಾಯಕ ಒಜಲಾನ್ ನೈರೋಬಿಯ ಗ್ರೀಕ್ ರಾಯಭಾರಿಯ ಮನೆಯಲ್ಲಿ ಅಡಗಿದ್ದು ಬಯಲಾಗಿ ಸಂಬಂಧ ನೆಲ ಕಚ್ಚಿತು. ಗ್ರೀಸ್‌ನ ವಿದೇಶಾಂಗ ಮಂತ್ರಿ ಕುರ್ಚಿ ಕಳೆದುಕೊಂಡರು. ಅವರು ಆ ನಾಯಿ ಯುದ್ಧದ ಪಂಗಲೋಸ್‌ನ ಮೊಮ್ಮಗ! ಅದೇ ವರ್ಷ ಆಗಸ್ಟ್ 17ರಂದು ಟರ್ಕಿಯಲ್ಲಿ ಭೂಕಂಪವಾಗಿ 17 ಸಾವಿರಕ್ಕೂ ಹೆಚ್ಚು ಜನ ಸತ್ತರು. ಗ್ರೀಕ್ ರಕ್ಷಣಾ ತಂಡ ಬೇಗನೆ ಬಂದಿಳಿಯಿತು. ಮೂರು ವಾರಕ್ಕೆ ಅಥೆನ್ಸ್ ನಡುಗಿತು, ಈಗ ಟರ್ಕಿಯವರು ಅಲ್ಲಿಗೆ ಹೋದರು. ಡಿಸೆಂಬರ್‌ನಲ್ಲಿ ಟರ್ಕಿ ಯುರೋಪಿಯನ್ ಯೂನಿಯನ್ನಿನ ಸಾಲಿನಲ್ಲಿ ನಿಲ್ಲಲು ಗ್ರೀಸ್ ಅಡ್ಡ ಬರಲಿಲ್ಲ. ಮಂತ್ರಿಗಳು ಭೂಕಂಪಕ್ಕೆ ಮೊದಲೇ ಮಾತು ಶುರು ಮಾಡಿದ್ದರು ನಿಜ, ಆದರೆ ಅವಶೇಷದಿಂದ ಮಗು ಎತ್ತಿದ್ದನ್ನು ಟಿವಿಯಲ್ಲಿ ನೋಡದೆ ಇದ್ದರೆ ಜನ ಒಪ್ಪುತ್ತಿರಲಿಲ್ಲ.

2024ರಿಂದ ಟರ್ಕಿಯವರಿಗೆ ಕೆಲವು ಗ್ರೀಕ್ ದ್ವೀಪಗಳಲ್ಲಿ ಬಂದಿಳಿದ ಮೇಲೆ ಏಳು ದಿನದ ವೀಸಾ ಕೊಡುತ್ತಾರೆ. ಐವಲಿಕ್‌ನಿಂದ ದೋಣಿ ಹತ್ತಿ ಲೆಸ್ಬೋಸ್‌ಗೆ ಊಟಕ್ಕೆ ಹೋಗುವವರಿದ್ದಾರೆ. ಅಜ್ಜಿ ಹೇಳುತ್ತಿದ್ದ ಹಳ್ಳಿ ಹುಡುಕಿ ಹೋಗುವವರೂ ಇದ್ದಾರೆ, ಆ ಕಡೆಯಿಂದ ಈ ಕಡೆಗೂ ಹಾಗೇ ಬರುತ್ತಾರೆ. ಐವಲಿಕ್‌ನ ದೊಡ್ಡ ಮಸೀದಿಗಳಲ್ಲಿ ಒಂದೆರಡರ ಗೋಡೆ ಸರಿಯಾಗಿ ನೋಡಿದರೆ ಚರ್ಚಿನದ್ದು ಅಂತ ತಿಳಿಯುತ್ತದೆ. ಕ್ರೀಟ್‌ನಲ್ಲಿ ಹಾಗೇ ಮಿನಾರು ಉಳಿದ ಚರ್ಚು ಸಿಗುತ್ತದೆ.